ಜುಬೇದಾ ಮೇಡಂ ಮತ್ತು ಮಲಗಿದ ಸುದ್ದಿಗಳು

ಜುಬೇದಾ ಮೇಡಂ ಬಾಗಿಲನ್ನು ಕೈಯಿಂದ ಮುಟ್ಟುತ್ತಿರಲಿಲ್ಲ, ಮೊಣಕೈಯಿಂದ ನೂಕುತ್ತಿದ್ದರು. ರಾಣೇಬೆನ್ನೂರಿನ ನನ್ನ ಐಸ್ ಫ್ಯಾಕ್ಟರಿಗೆ ಮೊದಲು ಸ್ಪಿರಿಟ್ ವಾಸನೆ ಬರುತ್ತಿತ್ತು, ಆಮೇಲೆ ಮೇಡಂ. ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನ ಮಾತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು ಮಳೆಗಾಲದಲ್ಲಿ ಐರಣಿಯ ಹೊಳೆದಂಡೆಯಿಂದ ಕಪ್ಪೆ ತಂದು, ಅವುಗಳ ತತ್ತಿಯೊಳಗಿನದನ್ನು ತೆಗೆದು ಸಣ್ಣ ನಳಿಕೆಗಳಲ್ಲಿ ತುಂಬುತ್ತಿದ್ದರು. ಅವರ ಡಾಕ್ಟರೇಟ್ ನಿಂತಿದ್ದೇ ಅದರ ಮೇಲೆ. ಕರೆಂಟ್ ಹೋದಾಗಲೆಲ್ಲ ಕಾಲೇಜಿನ ಫ್ರಿಜ್ಜು ಕೈಕೊಡುತ್ತಿದ್ದರಿಂದ ನಳಿಕೆಗಳನ್ನು ನನ್ನ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದರು. ಧಾರವಾಡದ ಪ್ರಯೋಗಾಲಯದಲ್ಲಿ ಸರದಿ ಬರುವತನಕ ಅವು ಗಡ್ಡೆಗಟ್ಟುವ ತಂಪಿನಲ್ಲೇ ಇರಬೇಕು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ನಾನು ಕೈಯಾರೆ ಕಟ್ಟಿದ ಫ್ಯಾಕ್ಟರಿಯಲ್ಲಿ ಐಸ್ ಕರಗಿತೆಂದು ಯಾರೂ ಹೇಳಿಲ್ಲ. ನಳಿಕೆಗಳಲ್ಲಿ ಏನಿದೆಯೆಂದು ತಿಳಿಯದೆ ಅವನ್ನು ಕಾಯುವುದು ನನಗೆ ಒಗ್ಗಲಿಲ್ಲ, ಕೇಳಿಯೇಬಿಟ್ಟೆ.

"ತಾಯಿ ಕಪ್ಪಿ ತತ್ತಿಯೊಳಗ, ಮರಿ ಹ್ಯಾಂಗ ಬೆಳೀಬೇಕಂತ ಸುದ್ದಿ ಬರದಿಟ್ಟಿರ್ತಾಳರಿ ಬಸಣ್ಣಾರ," ಎಂದರು. "ಒಂದೊಂದು ಸುದ್ದಿಗೂ ಒಂದು ಬಾಲ. ಬಾಲ ಮೋಟ ಇದ್ರ ಸುದ್ದಿ ಮಲಗಿರ್ತೈತಿ. ತತ್ತಿ ಬಲಿಯೂ ವ್ಯಾಳ್ಯಾಕ್ಕ ಕೆಲವಕ್ಕ ಬಾಲ ಉದ್ದಾಕ್ಕೈತಿ, ಆ ಸುದ್ದಿ ಎದ್ದು ಕೆಲಸಕ್ಕ ಹತ್ತತೈತಿ. ಕೆಲವಕ್ಕ ಬಾಲ ಸವದು ಅವು ಸುಮ್ಮನಾಕ್ಕಾವ. ಅಷ್ಟೊತ್ತಿಗೆ ಹೊಸಾದು ಬರಿಯೂದು ಬಂದ್. ಹಳೇದ್ರ ಮ್ಯಾಲನ ಎಲ್ಲಾ ನಡೀಬೇಕು."

"ಕಪ್ಪಿ ಬಾಲ ಉದುರಿಸಿ ದೊಡ್ಡದಾಕ್ಕೈತಿ, ನೀವು ಒಳಗ ಮತ್ತ ಹಚ್ಚತೀರೇನ್ರಿ ಮೇಡಂ?"

"ಹಚ್ಚಾಕ ನಾ ಯಾರರಿ! ಎಷ್ಟುದ್ದ ಆತು ಅಂತ ಅಳತಿ ಮಾಡಾಕಿ ಅಷ್ಟ." ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಳಿಕೆಗೆ ಕೈ ಚಾಚಿದ್ದೇ ತಡ, ಗದರಿದರು: "ಮುಟ್ಟಬ್ಯಾಡ್ರಿ! ಬೆರಳಿನ ಬೆವರು ತಾಗಿದ್ರ ಸುದ್ದಿ ಅಳಿಸಿ ಹೋಕ್ಕೈತಿ."

ಅಂದಿನಿಂದ ಆ ಪೆಟ್ಟಿಗೆಯ ಹತ್ತಿರ ನಾನು ದನಿ ತಗ್ಗಿಸಿ ಮಾತಾಡತೊಡಗಿದೆ, ಒಳಗೆ ಯಾರೋ ಮಲಗಿದ್ದಾರೆಂಬಂತೆ.

ಕೊನೆಯ ಸಲ ಬಂದಾಗ ಅವರ ಮುಖ ಊದಿತ್ತು. ಹುಬ್ಬಳ್ಳಿ ದವಾಖಾನೆಗೆ ಹೊರಟಿದ್ದರು. "ಕರೆಂಟ್ ಹೋದ್ರ ಲಗೂನ ಜನರೇಟರ್ ಹಚ್ಚರಿ, ನಾ ಬರೂತನಾ," ಎಂದರು.

ಬರಲಿಲ್ಲ. ಮಣ್ಣಾದ ಮೇಲೆ ಬ್ಯಾಡಗಿಯಿಂದ ಅವರ ತಮ್ಮ ಬಂದ. ಪೆಟ್ಟಿಗೆ ತೆರೆದು ತೋರಿಸಿದೆ. ಬಗ್ಗಿ ನಳಿಕೆಗಳನ್ನು ನೋಡಿದ.

"ಇದ್ರಾಗ ಜೀವ ಐತೇನ್ರಿ? ಇವನ್ನೂ ಮಣ್ಣಾಗ ಇಡೂದೋ, ಹೊಳೀಗೆ ಬಿಡೂದೋ?"

ದನಿ ಥೇಟ್ ಅಕ್ಕನದು.

"ಧಾರವಾಡಕ್ಕ ಒಯ್ಯಬೇಕಂತಿದ್ರು," ಎಂದೆ.

"ಅಲ್ಲೂ ಕೇಳೀನ್ರಿ. ಅಳತಿ ಮಾಡಾಕಿನ ಇಲ್ಲಂದ್ರ ಯಾತಕ್ಕ ಅಂತಾರ."

ಅಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ರೆಸರ್ ಗೊರಗೊರ ಎಂದು ನಿಂತಿತು.

"ಬಿಡ್ರಿ ಇನ್ನ," ಎಂದ ಅವನು.

ನನ್ನ ಕಾಲುಗಳು ಆಗಲೇ ಜನರೇಟರಿನತ್ತ ನಡೆದಿದ್ದವು.