ಮುಳ್ಳುಹಂದಿಗೆ ಮೊದಲ ಸ್ಥಾನ

ನನ್ನ ಅಣ್ಣ ಮಕ್ಕಳಿಗೆ ಮಾತ್ರ ಕಟಿಂಗ್ ಮಾಡುತ್ತಾನೆ. ಹತ್ತು ವರ್ಷ ದಾಟಿದ ತಲೆಯನ್ನು ಮುಟ್ಟುವುದಿಲ್ಲ. "ದೊಡ್ಡವರು ಕುರ್ಚಿ ಮೇಲೆ ಕೂತ ತಕ್ಷಣ ಕಷ್ಟಸುಖ ತೆಗೀತಾರೆ, ಅದು ನನಗಾಗಲ್ಲ" ಎನ್ನುತ್ತಾನೆ. ಮಕ್ಕಳ ಬಾಯಲ್ಲಿ ಅವನು ಕಿವಿಮಾಮ. ಕತ್ತರಿ ಹಿಡಿಯುವ ಮುಂಚೆ ಮಗುವಿನ ಎರಡೂ ಕಿವಿ ಮುಟ್ಟಿ, "ಇವೆರಡೂ ನಿಂದೇ, ಕಟಿಂಗ್ ಆದ್ಮೇಲೆ ಎಣಿಸಿ ವಾಪಸ್ ಕೊಡ್ತೀನಿ" ಎಂದು ಮಾತು ಕೊಡುತ್ತಾನೆ. ಹದಿನೆಂಟು ವರ್ಷದಿಂದ ಕೊಟ್ಟ ಮಾತಿಗೆ ತಪ್ಪಿಲ್ಲ, ಒಂದು ಸಲ ಬಿಟ್ಟು.

ಅವನ ಅಂಗಡಿಯ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ "ಇಲ್ಲಿ ಮಕ್ಕಳು ಅಳುವುದಿಲ್ಲ" ಎಂದು ಬರೆದಿದೆ. ಪಕ್ಕದ ಅರ್ಧ ಅಂಗಡಿ ನನ್ನದು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಬ್ಲೌಸಿನ ಹೊಲಿಗೆ ಬಿಚ್ಚುವುದು ನನ್ನ ಕೆಲಸ. ನಡುವೆ ಒಂದೇ ಒಂದು ಪ್ಲೈವುಡ್ ಗೋಡೆ. ಆ ಕಡೆ ಟಿವಿಯಲ್ಲಿ ಓಡುವ ಕಾರ್ಟೂನ್ ಸಿನಿಮಾಗಳನ್ನೆಲ್ಲ ನಾನು ಹದಿನೆಂಟು ವರ್ಷದಿಂದ ಕಿವಿಯಲ್ಲೇ ನೋಡಿದ್ದೇನೆ.

ತಪ್ಪಿದ ಆ ಒಂದು ಸಲದ ಕಥೆ ಹೇಳಿಬಿಡುತ್ತೇನೆ. ಅಂಗಡಿ ತೆರೆದ ಹೊಸತರಲ್ಲಿ ಯಾವುದೋ ಸಿನಿಮಾದಲ್ಲಿ ಮುದಿ ನಾಯಿಯೊಂದು ಸಾಯುವುದಕ್ಕೂ, ಕುರ್ಚಿಯ ಮೇಲಿದ್ದ ಹುಡುಗಿ ಬಿಕ್ಕುವುದಕ್ಕೂ, ತಲೆ ಅಲುಗಿ ಕಿವಿಯ ತುದಿಗೆ ಕತ್ತರಿ ತಾಗುವುದಕ್ಕೂ ಸರಿಹೋಯಿತು. ಗಾಯ ಸಾಸಿವೆಯಷ್ಟು. ಹುಡುಗಿಯ ಅಜ್ಜಿ ಮಾಡಿದ ರಂಪ ಕುಂಬಳಕಾಯಿಯಷ್ಟು. ಅವತ್ತಿನಿಂದ ಅಣ್ಣನ ಅಂಗಿ ಜೇಬಿನಲ್ಲಿ ರಿಮೋಟ್ ಬಂದು ಕೂತಿತು. ಸಿನಿಮಾದಲ್ಲಿ ಪಿಟೀಲು ಶುರುವಾದರೆ ಸಾಕು, ಬಟನ್ ಒತ್ತಿ ಮುಂದಕ್ಕೆ ಓಡಿಸುತ್ತಾನೆ. ಮತ್ತೆ ತಮಟೆ ಕೇಳಿಸಿದ ಮೇಲೆಯೇ ಬಿಡುವುದು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದ ಮನುಷ್ಯ. ಪಿಟೀಲಿನ ಹಿಂದೆ ಏನಿದೆ ಎಂದು ಒಮ್ಮೆಯೂ ನೋಡಿದವನಲ್ಲ.

ನಿಜ ಹೇಳಬೇಕೆಂದರೆ ಈ ಬಟನ್ ಅವನಿಗೆ ರಿಮೋಟ್‌ಗಿಂತ ಮುಂಚಿನಿಂದಲೂ ಇದೆ. ನನಗೆ ಏಳು, ಅವನಿಗೆ ಹದಿನಾಲ್ಕು ವರ್ಷವಿದ್ದಾಗ ಅಮ್ಮ ಮೂರು ತಿಂಗಳು ಮಲಗಿದ್ದಳು. ಒಂದು ಬೆಳಗ್ಗೆ ಅಣ್ಣ ನನ್ನನ್ನು ಹಿಂಬದಿ ಮನೆಯ, ಕಾಗದದ ಕವರ್ ಅಂಟಿಸುವ ಅಕ್ಕನ ಹತ್ತಿರ ಬಿಟ್ಟು ಬಂದ. ದಿನವಿಡೀ ಗೋಂದು ಮೆತ್ತಿಕೊಂಡು ಕವರ್ ಅಂಟಿಸಿದೆ. ಸಂಜೆ ಮನೆಗೆ ಬಂದರೆ ಮಂಚ ಮಡಿಸಿಟ್ಟಿತ್ತು, ನೆಲ ತೊಳೆದಿತ್ತು. "ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದಾಳೆ" ಎಂದ ಅಣ್ಣ. ಇಪ್ಪತ್ತೆರಡು ದಿನ ನಾನು ಬಾಗಿಲಲ್ಲಿ ಕಾದೆ. ಕೊನೆಗೆ ಕವರಿನ ಅಕ್ಕನೇ ನಿಜ ಹೇಳಿದಳು.

ಆಮೇಲೆ ಈ ನಲವತ್ತು ವರ್ಷದಲ್ಲಿ ಅಣ್ಣನನ್ನು ನಾನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: ಅವತ್ತು ಅಮ್ಮ ನನ್ನನ್ನು ಕೇಳಿದಳಾ? ಅವನದೂ ಒಂದೇ ಉತ್ತರ.

"ಮಷಿನ್‌ಗೆ ಎಣ್ಣೆ ಹಾಕಿದ್ಯಾ? ಯಾಕೋ ಸದ್ದು ಮಾಡ್ತಿದೆ."

ಎಣ್ಣೆ ಕುಡಿದು ಕುಡಿದು ನನ್ನ ಹೊಲಿಗೆ ಮಷಿನ್ ಈ ಬೀದಿಯಲ್ಲೇ ಅತ್ಯಂತ ನುಣ್ಣಗೆ ಓಡುವ ಮಷಿನ್ ಆಗಿದೆ. ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಇನ್ನು ಸಂಘದ ವಿಷಯ. ಮಗುವಿನ ಕಟಿಂಗ್ ಮುಗಿದರೂ ಸಿನಿಮಾ ಮುಗಿದಿಲ್ಲವೆಂದು ಬೆಂಚಿನಿಂದ ಏಳದ ದೊಡ್ಡವರಿಂದ ಅದು ಹುಟ್ಟಿತು. ಅಂಗಡಿಯ ವಾರದ ರಜೆಯ ದಿನ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ, ಮೂವರು ಬಂದು ಸೇರುತ್ತಾರೆ. ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ. ಕ್ಲಿನಿಕ್ಕಿನಲ್ಲಿ ಮಕ್ಕಳ ಬಾಯಿ ತೆರೆಸಲು ಅವರೂ ಕಾರ್ಟೂನ್ ಹಾಕುತ್ತಾರೆ. ಮೂರನೆಯವರು ಔಷಧಿ ಅಂಗಡಿಯವರು. ಅವರಿಗೆ ಮಕ್ಕಳಿಲ್ಲ, ನೆಪವೂ ಇಲ್ಲ, ಸುಮ್ಮನೆ ಬರುತ್ತಾರೆ. ಇವರ ಜೊತೆಗೆ ಅಣ್ಣ. ನಾಲ್ವರ ವಯಸ್ಸು ಕೂಡಿಸಿದರೆ ಇನ್ನೂರೈವತ್ತು ದಾಟುತ್ತದೆ. ಕೆಲಸವೇನೆಂದರೆ ಪ್ರಪಂಚದ ಕಾರ್ಟೂನ್ ಸಿನಿಮಾಗಳಿಗೆಲ್ಲ ಸ್ಥಾನಮಾನ ನಿಗದಿ ಮಾಡುವುದು. ಪ್ರಪಂಚ ಇವರ ತೀರ್ಪಿಗೆ ಊಟ ಬಿಟ್ಟು ಕಾಯುತ್ತಿತ್ತು, ಪಾಪ.

ಪಟ್ಟಿ ಇದ್ದದ್ದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಅಳಿಸಿ ಅಳಿಸಿ ನಾಲ್ಕನೆಯ ಸ್ಥಾನದ ಹತ್ತಿರ ಕಾಗದ ತೂತು ಬಿದ್ದಿತ್ತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಇಲಿ ಸಂಸಾರದ ಸಿನಿಮಾ ನಾಲ್ಕನೆಯದೋ ಐದನೆಯದೋ ಎಂದು ಔಷಧಿ ಅಂಗಡಿಯವರೂ ಮೇಷ್ಟ್ರೂ ಎರಡು ವಾರ ಮಾತು ಬಿಟ್ಟಿದ್ದರು. ಚಪ್ಪಲಿ ಕಳೆದುಕೊಂಡ ರಾಕ್ಷಸನ ಸಿನಿಮಾವನ್ನು ಡಾಕ್ಟರಮ್ಮ ಪಟ್ಟಿಯಿಂದಲೇ ಕಿತ್ತು ಹಾಕಿಸಿದರು. ಆ ರಾಕ್ಷಸ ಹಲ್ಲುಜ್ಜುವುದಿಲ್ಲ ಎಂಬುದು ಕಾರಣ.

ಆದರೆ ಮೊದಲ ಸ್ಥಾನಕ್ಕೆ ಜಗಳವೇ ಇರಲಿಲ್ಲ. ಅದು ಮುಳ್ಳುಹಂದಿ ಸಿನಿಮಾಕ್ಕೆ. ಒಂದು ಮುಳ್ಳುಹಂದಿ ಸಂಸಾರ ಹಳೆಯ ಬಿಲ ಬಿಟ್ಟು, ಹೊಳೆ ದಾಟಿ, ಹೊಸ ಬಿಲ ಸೇರುವ ಕಥೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರಿಗೆ ಹೆರದೆಯೇ ಮುಳ್ಳುಹಂದಿ ಮುದ್ದಾಗಿತ್ತು.

"ಒಂದೊಂದು ಮುಳ್ಳೂ ಬೇರೆ ಬೇರೆಯಾಗಿ ಬರ್ದಿದಾರೆ. ಕೂದಲಿನ ಕೆಲಸ ಗೊತ್ತಿರೋನಿಗೆ ಅದರ ಬೆಲೆ ಗೊತ್ತು" ಎನ್ನುತ್ತಿದ್ದ ಅಣ್ಣ.

"ಹೊಳೆ ಹತ್ರ ನಾನು ಎರಡು ಸಲ ಕನ್ನಡಕ ಒರೆಸ್ಕೊಂಡೆ" ಎನ್ನುತ್ತಿದ್ದರು ಮೇಷ್ಟ್ರು.

"ನಗು ತಡೆಯಕ್ಕಾಗಲ್ಲ ಅಲ್ವಾ ಮೇಷ್ಟ್ರೇ?" ಎನ್ನುತ್ತಿದ್ದ ಅಣ್ಣ.

"ಆ ತಾಯಿ ಇದಾಳಲ್ಲ, ಅಬ್ಬಾ!" ಎಂದು ಡಾಕ್ಟರಮ್ಮ ಎದೆ ಮುಟ್ಟಿಕೊಳ್ಳುತ್ತಿದ್ದರು.

"ಅದೇ ನಾನೂ ಹೇಳೋದು, ತಾಯಿ ಅಂದ್ರೆ ಹಾಗಿರಬೇಕು. ಕೊನೇಲಿ ಒಳಗೆ ಅಡುಗೆ ಮಾಡ್ಕೊಂಡು ಹಾಡ್ತಾಳಲ್ಲ, ಎಂಥ ಕಂಠ!"

ಡಾಕ್ಟರಮ್ಮ ಅಣ್ಣನನ್ನು ಒಂದು ಕ್ಷಣ ನೋಡಿ, ಕಲಾವಿದನ ಮಾತು ನಮಗೆಲ್ಲಿ ಅರ್ಥವಾಗಬೇಕು ಎಂಬಂತೆ ತಲೆಯಾಡಿಸುತ್ತಿದ್ದರು. ನಾಲ್ವರೂ ಒಂದೇ ಸಿನಿಮಾಕ್ಕೆ ಕೈ ಎತ್ತಿದರು. ಮೂವರು ಅದನ್ನು ತಮ್ಮ ತಮ್ಮ ಮನೆಯಲ್ಲಿ ನೋಡಿದವರು, ಅಣ್ಣ ಅಂಗಡಿಯಲ್ಲಿ. ನಾಲ್ವರು ನೋಡಿದ್ದು ಒಂದೇ ಸಿನಿಮಾವಲ್ಲ ಎಂಬ ಅನುಮಾನ ಗೋಡೆಯ ಈ ಕಡೆ ಕೂತ ನನಗೆ ಮಾತ್ರ ಇತ್ತು. ಹೊಳೆಯ ಸದ್ದು ಬಂದು ಪಿಟೀಲು ಎದ್ದ ಕೂಡಲೇ ಸಿನಿಮಾ ಪ್ರತಿ ಸಲ ಅದೇ ಜಾಗದಲ್ಲಿ ಕಿರ್ರೆಂದು ಓಡುತ್ತಿತ್ತು. ಅಲ್ಲಿ ಏನೋ ಇದೆ ಎಂದು ಗೊತ್ತಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು? ನನಗೆ ಯಾರು ಏನು ಹೇಳಿದ್ದಾರೆ?

ಅಷ್ಟರಲ್ಲಿ ಟಾಕೀಸಿನ ಮ್ಯಾನೇಜರ್ ಬಂದರು. ಭಾನುವಾರ ಬೆಳಗ್ಗೆ ಮಕ್ಕಳಿಗಾಗಿ ಒಂದು ಆಟ ಹಾಕಬೇಕು, ಯಾವ ಸಿನಿಮಾ ಅಂತ ಸಂಘದವರೇ ಹೇಳಿ ಎಂದರು. ಸಂಘಕ್ಕೆ ಕೊಂಬು ಬಂತು. ಅಣ್ಣನಿಗೆ ಕೊಂಬಿನ ಜೊತೆ ಬಾಲವೂ ಬಂತು. ಗಾಜಿನ ಮೇಲೆ ಕೆಂಪು ಅಕ್ಷರದ ಕೆಳಗೆ ಇನ್ನೊಂದು ಸಾಲು ಬರೆಸಿದ: "ಭಾನುವಾರ ಮುಳ್ಳುಹಂದಿ ಸಿನಿಮಾ. ಒಂದು ಮಗುವೂ ಅಳುವುದಿಲ್ಲ. ಕಿವಿಮಾಮನ ಗ್ಯಾರಂಟಿ." ಕಟಿಂಗ್‌ಗೆ ಬಂದ ಪ್ರತಿ ತಾಯಿಗೂ ಬಾಯಿಮಾತಿನಲ್ಲೂ ಗ್ಯಾರಂಟಿ ಕೊಟ್ಟ. ಹದಿನೆಂಟು ವರ್ಷದ ಹೆಸರನ್ನು ಒಂದು ಮುಳ್ಳುಹಂದಿಯ ಬೆನ್ನಿಗೆ ಕಟ್ಟಿ ಬಿಟ್ಟ.

ಭಾನುವಾರ ಟಾಕೀಸಿನಲ್ಲಿ ಅರವತ್ತು ಮಕ್ಕಳು. ಹಿಂದಿನ ಸಾಲಿನಿಂದ ನೋಡಿದರೆ ಅರವತ್ತು ತಲೆಗೂ ಒಂದೇ ಕಟಿಂಗ್. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ನಡುವಿನ ಸಾಲಿನ ತುದಿಯಲ್ಲಿ ಮದುವೆ ಗಂಡಿನ ಹಾಗೆ ಕೂತಿದ್ದ. ಪಕ್ಕದಲ್ಲಿ ನಾನು. ಆ ಕಡೆ ಸಂಘದ ಮೂವರು, ಮೂವರ ಕೈಯಲ್ಲೂ ಮುಂಚಿತವಾಗಿ ಬಿಡಿಸಿಟ್ಟ ಕರವಸ್ತ್ರ. ಅದನ್ನು ನೋಡಿಯಾದರೂ ಅವನಿಗೆ ಹೊಳೆಯಬೇಕಿತ್ತು.

ಮೊದಲ ಅರ್ಧ ಗಂಟೆ ನಗುವೋ ನಗು. ಆಮೇಲೆ ಹೊಳೆ ಬಂತು, ಹೊಳೆಯ ಹಿಂದೆ ಪಿಟೀಲು ಬಂತು. ಅಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇಸ್ತ್ರಿ ಅಂಗಿಯಲ್ಲೂ ರಿಮೋಟ್ ಇಟ್ಟುಕೊಂಡು ಬಂದಿದ್ದ, ಪುಣ್ಯಾತ್ಮ. ಮನೆಯಷ್ಟು ಎತ್ತರದ ಪರದೆಯ ಕಡೆ ಹಿಡಿದು ಬಟನ್ ಒತ್ತಿದ. ಸಿನಿಮಾ ಓಡಲಿಲ್ಲ. ಅಂಗೈಗೆ ಕುಟ್ಟಿ ಮತ್ತೆ ಒತ್ತಿದ. ಸೆಲ್ ತೆಗೆದು ತಿರುಗಿಸಿ ಹಾಕಿ ಒತ್ತಿದ.

ಪರದೆಯ ಮೇಲೆ ನೆರೆ ಏರುತ್ತಿತ್ತು. ಟೊಳ್ಳು ದಿಮ್ಮಿಯೊಂದರ ಮೇಲೆ ಮುಳ್ಳುಹಂದಿ ಸಂಸಾರ ಕೂತಿತ್ತು, ದಿಮ್ಮಿ ಅಷ್ಟು ಭಾರ ತಡೆಯದೆ ಮುಳುಗುತ್ತಿತ್ತು. ತಾಯಿ ನೀರಿಗಿಳಿದು ದಿಮ್ಮಿಯನ್ನು ಆಚೆ ದಡದ ಕಡೆ ನೂಕಿದಳು. ನೂಕುತ್ತಲೇ, "ಚಿಕ್ಕದೆಲ್ಲಿ? ನನ್ನ ಚಿಕ್ಕದೆಲ್ಲಿ?" ಎಂದು ಎರಡು ಸಲ ಕೇಳಿದಳು. ಚಿಕ್ಕ ಮರಿ ದಿಮ್ಮಿಯ ಪೊಟರೆಯೊಳಗೆ ನಿದ್ದೆ ಹೋಗಿತ್ತು. ಅದಕ್ಕೆ ಕೇಳಿಸಲಿಲ್ಲ. ತಾಯಿ ನೀರಲ್ಲಿ ಕೊಚ್ಚಿ ಹೋದಳು.

ಮೊದಲು ಒಂದು ಮಗು ಅತ್ತಿತು. ಅದನ್ನು ನೋಡಿ ಪಕ್ಕದ್ದು. ಒಂದು ನಿಮಿಷದೊಳಗೆ ಅರವತ್ತೂ. ಕತ್ತಲಲ್ಲಿ ಯಾವುದೋ ಮಗು ಕಿರುಚಿತು: "ಕಿವಿಮಾಮಾ, ಮುಂದೆ ಓಡ್ಸು! ಮುಂದೆ ಓಡ್ಸು ಕಿವಿಮಾಮಾ!"

ಅಣ್ಣ ಎದ್ದು ನಿಂತು ಎರಡೂ ಕೈಯಲ್ಲಿ ರಿಮೋಟ್ ಹಿಡಿದು ಒತ್ತುತ್ತಲೇ ಇದ್ದ. ತಾಯಂದಿರೆಲ್ಲ ತಿರುಗಿ ಅವನನ್ನೇ ನೋಡುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇದು ಮುಳ್ಳುಹಂದಿಗೆ ಹೋದ ಮಾನ, ಗಾದೆ ಮಾಡಿದವರಿಗೂ ಹೊಳೆದಿರಲಿಲ್ಲ. ನಲವತ್ತು ವರ್ಷದ ಸಿಟ್ಟು ಇದ್ದವಳು ನಾನು, ನಗಬೇಕಿತ್ತು. ನಗು ಬರಲಿಲ್ಲ. ಅಂಗಿ ತುದಿ ಹಿಡಿದೆಳೆದು ಕೂರಿಸಿದೆ.

ಕೊನೆಗೆ ಹೊಸ ಬಿಲದಲ್ಲಿ ಮರಿಗಳು ಮಲಗಿದಾಗ ತಾಯಿಯ ಹಾಡು ಕೇಳಿಸಿತು. ಚಿಕ್ಕ ಮರಿ ಕಣ್ಣುಮುಚ್ಚಿ ಕೇಳುತ್ತಿತ್ತು. ಬಿಲದ ಒಳಗೆ ಅಡುಗೆ ಮಾಡುವವರು ಯಾರೂ ಇರಲಿಲ್ಲ.

"ಒಳಗಿದಾಳೆ ಅಂದ್ಕೊಂಡಿದ್ದೆ" ಎಂದ ಅಣ್ಣ.

ದೀಪ ಹತ್ತಿದಾಗ ಡಾಕ್ಟರಮ್ಮ ಮೂಗು ಒರೆಸುತ್ತ, "ಎಷ್ಟು ಸಲ ನೋಡಿದ್ರೂ ಅಷ್ಟೇ ಚೆನ್ನಾಗಿದೆ ಅಲ್ವಾ?" ಎಂದರು.

"ಇದು ಬೇರೆ ಸಿನಿಮಾ" ಎಂದು ಅಣ್ಣ ಹೊರಗೆ ನಡೆದ.

ಹೊರಗೆ ನೋಡಿದರೆ ಅತ್ತಿದ್ದ ಮಕ್ಕಳೆಲ್ಲ ಕೆಂಪು ಮೂಗಿನಲ್ಲೇ ಮುಳ್ಳುಹಂದಿಯ ಹಾಗೆ ನಡೆದು ತೋರಿಸುತ್ತ, ಮುಂದಿನ ವಾರವೂ ಇದನ್ನೇ ಹಾಕಿ ಎಂದು ಮ್ಯಾನೇಜರನ್ನು ಕಾಡುತ್ತಿದ್ದವು. ಅಣ್ಣನಿಗೆ ಅದು ಕಾಣಿಸಲಿಲ್ಲ. ಸೀದಾ ಅಂಗಡಿಗೆ ಹೋಗಿ, ಬ್ಲೇಡ್ ತೆಗೆದುಕೊಂಡು ಗಾಜಿನ ಮೇಲಿನ ಅಕ್ಷರ ಕೆರೆಯಲು ನಿಂತ. ಮೊದಲು ಗ್ಯಾರಂಟಿಯ ಸಾಲು ಹೋಯಿತು. ಆಮೇಲೆ ಅದರ ಮೇಲಿನದು.

ನಾನು ನನ್ನ ಕಡೆ ಬಾಗಿಲು ತೆಗೆದು, ಭಾನುವಾರವಾದರೂ, ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತ ಕೂತೆ. ಸ್ವಲ್ಪ ಹೊತ್ತಿಗೆ ಕೆರೆಯುವ ಸದ್ದು ನಿಂತಿತು. ಅಣ್ಣ ಈ ಕಡೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ಹದಿನೆಂಟು ವರ್ಷದಲ್ಲಿ ಅಲ್ಲಿ ಅವನು ಕೂತದ್ದೇ ಇಲ್ಲ. ನನ್ನ ಮುಖ ನೋಡಿದ, ಮಷಿನ್ ನೋಡಿದ, ಬಾಯಿ ತೆರೆದ.

"ಎಣ್ಣೆ ಹಾಕಿದೀನಿ" ಎಂದೆ.

ಬಾಯಿ ಮುಚ್ಚಿದ.

"ಈಗ ಹೇಳು. ಅವತ್ತು ಅಮ್ಮ ನನ್ನನ್ನ ಕೇಳಿದ್ಲಾ?"

ಅಣ್ಣ ಉಗುರಿನ ಸಂದಿಯ ಕೆಂಪು ಬಣ್ಣ ಕೆರೆಯುತ್ತ ಶುರುಮಾಡಿದ.

"ಕೇಳಿದ್ಲು. ಕರ್ಕೊಂಡ್ ಬಾ ಅಂದ್ಲು. ಆಯ್ತಮ್ಮ ಅಂತ ಬಂದೆ. ಕವರಿನ ಅಕ್ಕನ ಬಾಗಿಲವರೆಗೂ ಬಂದೆ ಕಣೇ. ನೀನು ಮೂಗಿಗೆಲ್ಲ ಗೋಂದು ಮಾಡ್ಕೊಂಡು ನಗ್ತಾ ಇದ್ದೆ. ಕರೆಯಕ್ಕಾಗಲಿಲ್ಲ. ವಾಪಸ್ ಹೋಗಿ ಅಮ್ಮಂಗೆ, ಅವಳು ನಿದ್ದೆ ಮಾಡ್ತಿದಾಳೆ ಅಂದೆ. ಮಲಗಲಿ ಬಿಡು, ಎಬ್ಬಿಸಬೇಡ ಅಂದ್ಲು. ಅಷ್ಟೇ."

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ನಿಜವಾಗಿಯೂ ಅನ್ನಿಸಿತು, ಕತ್ತರಿ ಕೈಯಲ್ಲಿತ್ತು, ಕೆಳಗಿಟ್ಟೆ. ಆಮೇಲೆ ಹದಿನಾಲ್ಕು ವರ್ಷದ ಒಬ್ಬ ಹುಡುಗ ಆ ಬಾಗಿಲಿನಿಂದ ಒಬ್ಬನೇ ತಿರುಗಿ ಹೋದದ್ದು ಕಣ್ಣಿಗೆ ಕಟ್ಟಿತು. ಅಮ್ಮ ನನ್ನನ್ನು ಕೇಳಿದ್ದಳು. ನಾನು ಬಾಯಿಬಿಟ್ಟು ಅತ್ತೆ, ಟಾಕೀಸಿನ ಅರವತ್ತು ಮಕ್ಕಳಿಗಿಂತ ಜೋರಾಗಿ.

ಅಣ್ಣನ ಕೈ ಜೇಬಿಗೆ ಹೋಯಿತು. ಅಭ್ಯಾಸ. ನಾನು ಅಳುತ್ತಲೇ ಆ ಕೈಯನ್ನು ನೋಡುತ್ತಿದ್ದೆ. ಕೈ ಹೊರಗೆ ಬಂದಾಗ ಅದರಲ್ಲಿ ಕರವಸ್ತ್ರವಿತ್ತು. ಅದರ ತುಂಬ ಯಾರಾರದೋ ಮಕ್ಕಳ ಕೂದಲು. ಆದರೂ ತೆಗೆದುಕೊಂಡು ಮುಖ ಒರೆಸಿಕೊಂಡೆ.