ಹೆಂಡತಿ ನೋಡಿ ಬಂದ ಬ್ಯಾಂಕಾಕ್

ದೋಹಾ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಯುವತಿ ನನ್ನ ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನು ಎರಡು ಸಲ ಓದಿದಳು. (ನಾನು ಮನೆಯಲ್ಲಿ ಒಂದು ಸಲವಾದರೂ ಓದಬೇಕಿತ್ತು.) ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕಂತೆ. ನನ್ನದರಲ್ಲಿ ಉಳಿದಿದ್ದುದು ಐದು ಚಿಲ್ಲರೆ.

“ಖಲಾಸ್ ಮಾವ, ಇವ್ರು ಬಿಡಲ್ಲ,” ಎಂದ ಅಳಿಯ. ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಎಂಜಿನಿಯರ್ ಆತ. ಈದ್ ರಜೆಗೆ ಎಲ್ಲರನ್ನೂ ಬ್ಯಾಂಕಾಕಿಗೆ ಹೊರಡಿಸಿದ್ದ. ಊರು ಸುತ್ತಲು ಸಿಗುತ್ತಿದ್ದುದು ಒಂದೇ ದಿನ.

ಅನ್ಯರ ಪ್ರಬಂಧಗಳಲ್ಲಿ ಇಸವಿಯ ತಪ್ಪು ಹುಡುಕುತ್ತಲೇ ನಿವೃತ್ತನಾದವನು ನಾನು. ಆಗ್ನೇಯ ಏಷ್ಯಾದ ರಾಮಕಥೆಯ ಭಿತ್ತಿಚಿತ್ರಗಳು ನನ್ನ ವಿಷಯ. ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವನಲ್ಲ. ಈಗ ಬ್ಯಾಂಕಾಕಿನ ಅರಮನೆಯ ಆವರಣದಲ್ಲಿ ಕಾಣುವವನಿದ್ದೆ.

‘ಹಾಗಾದರೆ ನಾನೂ ಹೋಗುವುದಿಲ್ಲ’ ಎಂದು ಹೆಂಡತಿ ಜಾನಕಿ ಹೇಳುವಳೆಂದು ಕಾದೆ.

“ಫ್ರಿಜ್ಜಲ್ಲಿ ಸಾರಿದೆ, ಬಿಸಿ ಮಾಡ್ಕೊಳ್ಳಿ,” ಎಂದಳು.

ನಾನು ಸಿದ್ಧಪಡಿಸಿದ್ದ ಎರಡು ಪುಟಗಳ ಟಿಪ್ಪಣಿಯನ್ನು ಅವಳ ಕೈಗಿತ್ತೆ. “ಅರಮನೆಯ ಕೆಲಸ ಶುರುವಾದದ್ದು ೧೭೮೨ರಲ್ಲಿ. ಗೈಡ್ ಬೇರೆ ಇಸವಿ ಹೇಳಿದರೆ ಒಪ್ಪಬೇಡ,” ಎಂದೆ. ಅಲ್ ಖೋರಿನಲ್ಲಿರುವ ಅಳಿಯನ ಮನೆಗೆ ಒಬ್ಬನೇ ಟ್ಯಾಕ್ಸಿಯಲ್ಲಿ ಮರಳಿದೆ. ಮೂರು ದಿನ ಸಾರು ಬಿಸಿ ಮಾಡಿಕೊಂಡೆ.

ಹಿಂದಿರುಗಿದವಳ ಮುಖ ಬಿಸಿಲಿಗೆ ಕಪ್ಪಾಗಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು. ಅಳಿಯ ಫೋಟೋಗಳನ್ನು ಟಿವಿಗೆ ಹಾಕಿದ.

“ಅಬ್ಬಾ, ಏನು ಜನ ರೀ! ದೋಣಿ ಹತ್ತೋಕೇ ನೂಕುನುಗ್ಗಲು. ಆಮೇಲೆ ಆ ನದಿ ದಡದ ಗೋಪುರ... ಮೆಟ್ಟಿಲು ಎಷ್ಟು ಕಡಿದು ಅಂದ್ರೆ ಇಳೀವಾಗ ಕೂತ್ಕೊಂಡೇ ಬಂದೆ.”

“ಮೆಟ್ಟಿಲು ಎಷ್ಟಿದ್ದವು?”

“ಎಣಿಸ್ಲಿಲ್ಲ. ಹತ್ತಿದೆ.”

ಸೋಲೊಪ್ಪದೆ ಟಿಪ್ಪಣಿಯ ಗತಿ ವಿಚಾರಿಸಿದೆ. ದೋಣಿಯ ಸೀಟು ಒದ್ದೆಯಿತ್ತಂತೆ, ಹಾಸಿಕೊಂಡು ಕುಳಿತಳಂತೆ. (ಎರಡೂ ಪುಟಗಳನ್ನು!)

ಅಷ್ಟರಲ್ಲಿ ತೆರೆಯ ಮೇಲೆ ಭಿತ್ತಿಚಿತ್ರ ಬಂತು. ಅದರ ಮುಂದೆ ಜಾನಕಿ, ಟೋಪಿ ಧರಿಸಿ, ನಗುತ್ತಾ. ಮೂವತ್ತು ವರ್ಷ ನಾನು ನಿಲ್ಲಬೇಕೆಂದುಕೊಂಡ ಜಾಗದಲ್ಲಿ.

“ರಾಮ ಹಸಿರು ಬಣ್ಣ ರೀ ಅಲ್ಲಿ!”

“ಗೊತ್ತು.”

“ಏನ್ ಗೊತ್ತು? ನಾನು ನೋಡ್ದೆ.”

ಆ ಕ್ಷಣ ನನ್ನೊಳಗೆ ಎದ್ದುದಕ್ಕೆ ಜಿಜ್ಞಾಸೆ ಎಂಬ ಗೌರವದ ಹೆಸರು ಕೊಡಬಹುದಿತ್ತು. ಆದರೆ ಅದು ಶುದ್ಧ ಹೊಟ್ಟೆಯುರಿ. ಹೆಂಡತಿಯ ಮೇಲೆ ಹೊಟ್ಟೆಯುರಿ ಪಡುವುದು ಶೋಭೆಯೇ? ಅಲ್ಲ. ಹಾಗೆಂದು ಅದು ನಿಂತೀತೇ?

ಶುಕ್ರವಾರ ನಮ್ಮ ಕಾಲೊನಿಯ ಕನ್ನಡಿಗರು ಊಟಕ್ಕೆ ಸೇರಿದ್ದರು. “ಆಂಟಿ, ಅರಮನೆ ಹೇಗಿತ್ತು ಹೇಳಿ!” ಎಂದು ಎಲ್ಲರೂ ಜಾನಕಿಯನ್ನು ಸುತ್ತುವರಿದರು. ನೂರು ವರ್ಷ ಹಳೆಯದಿರಬೇಕು ಎಂದಳು ಅವಳು. ತಡೆಯಲಾಗಲಿಲ್ಲ. “ಇನ್ನೂರು ದಾಟಿದೆ. ೧೭೮೨,” ಎಂದೆ.

ಪಕ್ಕದ ಮನೆಯ ಮಂಗಳೂರಿನ ಹೆಣ್ಣುಮಗಳು ಆಸ್ಥೆಯಿಂದ ತಿರುಗಿದಳು. “ಅಂಕಲ್, ನೀವೂ ಹೋಗಿದ್ರಾ?”

ಜಾನಕಿ ನನಗೆ ಮತ್ತೊಂದು ಸೌಟು ಪಾಯಸ ಬಡಿಸಿದಳು.

ಹೊಸ ಪಾಸ್‌ಪೋರ್ಟ್ ನಿನ್ನೆ ಕೈಸೇರಿದೆ. ಮುಗಿಯುವ ದಿನಾಂಕವನ್ನು ಮೂರು ಸಲ ಪರಿಶೀಲಿಸಿದ್ದೇನೆ. ಮುಂದಿನ ರಜೆಗೆ ಒಂದು ದಿನವಾದರೂ ಸರಿ, ಹೋಗಿ ಬರುವುದೆಂದು ತೀರ್ಮಾನಿಸಿದೆ.

“ನಾನೂ ಬರ್ತೀನಿ. ದೋಣಿ ಎಲ್ಲಿ ಹತ್ಬೇಕು ಅಂತ ನಿಮ್ಗೆಲ್ಲಿ ಗೊತ್ತಾಗುತ್ತೆ?” ಎಂದಳು ಜಾನಕಿ.

ಮೂವತ್ತು ವರ್ಷ ಓದಿದ ಊರನ್ನು, ನನ್ನ ಟಿಪ್ಪಣಿಯ ಮೇಲೆ ಕುಳಿತು ಬಂದವಳ ಹಿಂದೆ ಹಿಂದೆ ನಡೆಯುತ್ತಾ ನೋಡಬೇಕೇ?