ಭಾವನ ಪೆನ್‌ಡ್ರೈವ್ ಶುದ್ಧಿ ಮಾಡಿದ್ದು

ತನ್ನದೆಂಬುದೊಂದು ಇದ್ದ ಮೇಲೆ ಅದಕ್ಕೊಂದು ಕಾವಲು ಬೇಕು ಎಂಬುದು ಮನುಷ್ಯ ಸಮಾಜದ ಬಹು ಹಳೆಯ ತೀರ್ಮಾನ. ನಮ್ಮ ರಾಯದುರ್ಗದ ಬೆಟ್ಟದ ಮೇಲೆ ಆ ತೀರ್ಮಾನವನ್ನು ಕಲ್ಲಿನಲ್ಲೇ ಕಟ್ಟಿದ್ದಾರೆ. ಈಗ ಅಲ್ಲಿ ಕಾಯುವುದಕ್ಕೆ ಏನೂ ಉಳಿದಿಲ್ಲ, ಆಡುಗಳು ಮೇಯುತ್ತವೆ. ನಾನು ಅದೇ ತೀರ್ಮಾನವನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಒಂದು ಹಳೆಯ ಕಂಪ್ಯೂಟರಿನ ಮೇಲೆ, ಪುಕ್ಕಟೆಯಾಗಿ ಜಾರಿಗೆ ತಂದೆ.

ಮೂವತ್ತೆರಡು ವರ್ಷ ನಾನು ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆದವನು. ಕ್ರಯಪತ್ರ, ಭಾಗಪತ್ರ, ದಾನಪತ್ರ. ಆಂಧ್ರದ ಕಚೇರಿಯಾದ್ದರಿಂದ ತೆಲುಗಿನಲ್ಲಿ ಬರೆಯುವುದು, ಬರೆಸಿದವರಿಗೆ ಕನ್ನಡದಲ್ಲಿ ಓದಿ ಹೇಳುವುದು, ಇದು ಕಸುಬು. ಕಸುಬು ಬಿಟ್ಟಾಗ ಕಂಪ್ಯೂಟರ್ ಮನೆಗೆ ಬಂತು. ಅದರೊಳಗೆ ಇದ್ದದ್ದು ಯಾವಾಗಲೋ ಕೈಬದಲಾದ ಜಮೀನುಗಳ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ, ಮೊಮ್ಮಗಳ ನಾಮಕರಣದ ಫೋಟೊ ಮತ್ತು ಒಂದು ಇಸ್ಪೀಟಾಟ.

"ಏನೈತ್ರಿ ಅದರಾಗ ಕದಿಯಾಕ?" ಎಂದು ನನ್ನ ಹೆಂಡತಿ ಕೇಳಿದಳು. "ಕಳ್ಳ ಬಂದ್ರ ಅವನಿಗೇ ಬ್ಯಾಸರ ಆಗ್ತೈತಿ."

ಇದು ತತ್ವದ ಪ್ರಶ್ನೆ ಎಂದು ಅವಳಿಗೆ ತಿಳಿಸಿದೆ.

ನಾನು ಕಾವಲಿಗೆ ಆರಿಸಿದ, ವೈರಸ್ ತಡೆಯುವ ಪುಕ್ಕಟೆ ಸಾಫ್ಟ್‌ವೇರ್ ಒಳಗೆ ಬರುವ ಮೊದಲು ಒಂದು ಕರಾರನ್ನು ಮುಂದಿಟ್ಟಿತು. ಜಗತ್ತಿನಲ್ಲಿ ಎಲ್ಲರೂ ಅದನ್ನು ಓದದೆಯೇ ಒಪ್ಪುತ್ತಾರಂತೆ. ನಾನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡು ಲೋಟ ಕಾಫಿ ಹಿಡಿಯಿತು. ನಿಮ್ಮ ಯಾವ ವಸ್ತು ನಷ್ಟವಾದರೂ ನಾವು ಹೊಣೆಯಲ್ಲ ಎಂಬ ಕಲಮು ಬಹಳ ಅಚ್ಚುಕಟ್ಟಾಗಿತ್ತು. ಬರೆದವನು ಕಸುಬು ಬಲ್ಲವನು ಎಂದು ಮೆಚ್ಚಿ, ಒಪ್ಪಿಗೆ ಒತ್ತಿದೆ. ಹಸಿರು ಬಣ್ಣದ ಸರಿ ಗುರುತು ಬಂತು. ನೀವು ಸುರಕ್ಷಿತವಾಗಿದ್ದೀರಿ ಎಂದಿತು. ಈ ಮಾತನ್ನು ಅದಕ್ಕೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಸಿಕ್ಕವರಿಗೆಲ್ಲ ಹೇಳಿದೆ. ಫೋನಿನಲ್ಲಿ ಅಕ್ಕನಿಗೂ ಹೇಳಿದೆ. ಅವಳೊಬ್ಬಳಿಗೆ ಹೇಳದೆ ಇದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿನ ಹತ್ತಿರದ ಹಳ್ಳಿಗೆ. ನಲವತ್ತು ವರ್ಷದಲ್ಲಿ ಅವಳ ಮಾತೂ ಆ ಕಡೆಯದೇ ಆಗಿದೆ. ಭಾವ ತೀರಿಕೊಂಡು ಎರಡು ವರ್ಷ. ಆ ಕಡೆ ಹರಕೆ ಹೊತ್ತವರು ಮನೆಯಲ್ಲಿ ಶನಿವಾರ ಶನಿದೇವರ ಕಥೆ ಓದಿಸುತ್ತಾರೆ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಭಾವ ಅರ್ಥ ಹೇಳುವವರು. ಗುಡಿಬಂಡೆಯಿಂದ ಆಟೊ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಹೇಳುತ್ತ ಹೇಳುತ್ತ, ಎದುರಿಗೆ ಕೂತ ತೆಲುಗಿನವರ ಮುಖ ನೋಡಿ ತೆಲುಗಿಗೆ ಹೊರಳಿ, ಅವರು ತಲೆಯಾಡಿಸಿದ ಮೇಲೆ ವಾಪಸು ಬರುತ್ತಿದ್ದರು. ಪದ್ಯದಲ್ಲಿ ಇಲ್ಲದ್ದೂ ಅರ್ಥದಲ್ಲಿ ಧಾರಾಳವಾಗಿ ಬರುತ್ತಿತ್ತು. ದೇಶಭ್ರಷ್ಟನಾದ ರಾಜ ಕಾಡಿಗೆ ಹೋಗುವ ದಾರಿಯಲ್ಲಿ ಆ ಊರಿನ ಯಜಮಾನರ ಬೋರ್‌ವೆಲ್ ತೋಟವೂ ಸಿಗುತ್ತಿತ್ತು.

ಪತ್ರ ಬರೆಯುವವನಿಗೆ ಇದನ್ನು ಸಹಿಸುವುದು ಕಷ್ಟ. ಒಮ್ಮೆ ಹೇಮಾವತಿಯಲ್ಲಿ, ತುಂಬಿದ ಪಡಸಾಲೆಯಲ್ಲಿ, ಈ ತೋಟ ಮೂಲದಲ್ಲಿ ಎಲ್ಲಿದೆ ಎಂದು ಕೇಳಿಯೇ ಬಿಟ್ಟೆ. ಭಾವ ನನಗೆ ಕೈ ಮುಗಿದು, ಸಭೆಯ ಕಡೆ ತಿರುಗಿದರು.

"ನಮ್ ಭಾಮೈದ್ರು ಪತ್ರ ಬರ್ಯೋರು. ದೇವ್ರ ಕಥೆಗೂ ಚಕ್ಕುಬಂದಿ ಕೇಳ್ತಾರೆ. ಮೂಡ್ಲಾಗೆ ಸ್ವರ್ಗ, ಪಡುವ್ಲಾಗೆ ನರಕ, ಮಧ್ಯದಾಗೆ ನಮ್ ಭಾಮೈದ್ರು. ಬರ್ಕಳಿ ಸ್ವಾಮಿ."

ಪಡಸಾಲೆ ಬಹಳ ಹೊತ್ತು ನಕ್ಕಿತು. ಪಕ್ಕದಲ್ಲಿದ್ದವರು ಅದನ್ನು ತೆಲುಗಿನವರಿಗೆ ಹೇಳಿದ ಮೇಲೆ ಅವರೂ ನಕ್ಕರು. ಇದೆಲ್ಲ ಭಾವನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಅಂಥ ಒಂಬತ್ತು ಶನಿವಾರಗಳನ್ನು ಯಾರೋ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಆಮೇಲೆ ಫೋನು ನೀರಿನ ತೊಟ್ಟಿಗೆ ಬಿದ್ದು ಹೋಯಿತು. ಉಳಿದದ್ದು ಆ ಪೆನ್‌ಡ್ರೈವ್ ಒಂದೇ.

ಅದನ್ನು ಕರ್ಚೀಫಿನಲ್ಲಿ ಸುತ್ತಿ, ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಪಾವಗಡದಲ್ಲೊಮ್ಮೆ ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿ ಅಕ್ಕ ನಮ್ಮ ಮನೆಗೆ ಬಂದಳು.

"ಮಗಳಿಗೊಂದು ಕಾಪಿ ಹಾಕ್ಸಾನ ಅಂತ ಮಡಕಶಿರದ ಅಂಗ್ಡಿಗೋದೆ ಕಣಪ್ಪ. ವೈರಸ್ ಐತೆ, ನಮ್ ಸಿಸ್ಟಮ್ಮಿಗೆ ಚುಚ್ಚಲ್ಲ ಅಂದ್ಬುಟ್ಟ. ನೀನು ಅದೆಂತದೋ ಔಷ್ದಿ ಹಾಕ್ಸಿದ್ದೀಯಲ್ಲ."

"ಮನಿಯಾಗ ಹಚ್ಚಿದ್ರ ಕೇಳಿಸ್ತೈತೇನಕ್ಕ?"

"ಸ್ಪೀಕರ್ ಡಬ್ಬಕ್ಕೆ ಚುಚ್ಚಿದ್ರೆ ಚೆನ್ನಾಗೇ ಹೇಳ್ತಾರೆ ನಿಮ್ ಭಾವ. ನಿನ್ನೆ ಸಂಜೆನೂ ಹೇಳಿದ್ರು. ಮೊದ್ಲು ಒಂದ್ ಕಾಪಿ ತಗ್ದು ಮಡಗ್ಬುಡು, ಆಮೇಲೆ ಔಷ್ದಿ ಹಾಕು."

"ರೋಗ ಇದ್ದದ್ದನ್ನ ಯಾರರ ಮನಿಯೊಳಗ ಕರ್ಕೊಂತಾರೇನು? ಮೊದಲು ಶುದ್ಧಿ, ಆಮ್ಯಾಲೆ ಕಾಪಿ. ಎಲ್ಲದಕ್ಕೂ ಒಂದು ಕ್ರಮ ಐತಿ."

"ನಿಂದೇ ಕ್ರಮ, ಬುಡು," ಎಂದು ಅಕ್ಕ ಸ್ನಾನಕ್ಕೆ ಹೋದಳು.

ಪೆನ್‌ಡ್ರೈವ್ ಚುಚ್ಚಿದೆ. ಒಂಬತ್ತು ಹೆಸರು ಕಂಡವು: ಗುಡಿಬಂಡೆ ಶನಿವಾರ, ಹೇಮಾವತಿ ಶನಿವಾರ, ಹೀಗೆ. ತಪಾಸಣೆ ಶುರು ಮಾಡಿದೆ. ಹತ್ತು ಅಪಾಯಗಳು ಸಿಕ್ಕಿವೆ, ಹತ್ತನ್ನೂ ಹಿಡಿದು ಬಂದೋಬಸ್ತಿನಲ್ಲಿ ಇಟ್ಟಿದ್ದೇನೆ ಎಂದು ಸಾಫ್ಟ್‌ವೇರ್ ವರದಿ ಕೊಟ್ಟಿತು. ಪಟ್ಟಿ ತೆಗೆದು ನೋಡಿದೆ. ಒಂಬತ್ತಕ್ಕೆ ಶನಿವಾರಗಳ ಹೆಸರೇ ಇತ್ತು. ಹತ್ತನೆಯದಕ್ಕೆ ಬಾಯಿಂದ ಹೇಳಲಾಗದ ಒಂದು ಹೆಸರು. ಇತ್ತ ಪೆನ್‌ಡ್ರೈವ್ ತೆರೆದರೆ ಒಳಗೆ ಏನೂ ಇರಲಿಲ್ಲ.

ಹಿಂದೆ ನಿಂತಿದ್ದ ಹೆಂಡತಿ ಪರದೆಯ ಮೂಲೆಯಲ್ಲಿದ್ದ ನೀಲಿ ಪಟ್ಟಿಗೆ ಬೆರಳಿಟ್ಟಳು. "ಒಳಗ ಏನೂ ಕಾಣವಲ್ದು. ಇಲ್ಲಿ ನೋಡಿದ್ರ ತುಂಬೇತಿ ಅಂತ ತೋರಿಸ್ತೈತಿ. ಅದ್ಹ್ಯಾಂಗ್ರಿ?"

ಮೂವತ್ತೆರಡು ವರ್ಷದ ಅನುಭವ ಇಲ್ಲಿ ನೆರವಿಗೆ ಬಂತು. ಖಾಲಿ ಇದ್ದೂ ತುಂಬಿದೆ ಎಂದರೆ ಅದಕ್ಕೆ ಒತ್ತುವರಿ ಎಂದು ಹೆಸರು. ಕಥೆಗಳನ್ನು ಹಿಡಿದು ಬಂದೋಬಸ್ತಿನಲ್ಲಿ ಇಟ್ಟಾಗಿದೆ. ಅವು ತೆರವು ಮಾಡಿದ ಜಾಗವನ್ನು ವೈರಸ್ಸು ಆಕ್ರಮಿಸಿ ಕೂತಿದೆ. ನೆಲವನ್ನು ಚೊಕ್ಕಟ ಮಾಡಿ, ಆಮೇಲೆ ಕಥೆಗಳನ್ನು ಬಿಡಿಸಿ ತಂದು ಕೂರಿಸಬೇಕು. ಹೀಗೆಂದು ತೀರ್ಪು ಕೊಟ್ಟೆ.

"ಅಕ್ಕಾರು ಸ್ನಾನ ಮುಗಿಸಿ ಬರ್ಲಿ, ಒಂದು ಮಾತು ಕೇಳ್ರಿ," ಎಂದಳು.

"ಇದರಾಗ ಕೇಳೋದೇನೈತಿ?"

ಫಾರ್ಮ್ಯಾಟ್ ಎಂಬುದನ್ನು ಒತ್ತಿದೆ. ಇದರಿಂದ ಎಲ್ಲವೂ ಅಳಿಸಿಹೋಗುತ್ತದೆ ಎಂದು ಅದು ಎಚ್ಚರಿಸಿತು. ನನಗೆ ಬೇಕಾದದ್ದೂ ಅದೇ. ಬೇಗ ಮುಗಿಸುವ ವಿಧಾನ ಎಂದು ಒಂದು ಸಾಲಿತ್ತು. ಅದರ ಮುಂದೆ ಅವರೇ ಟಿಕ್ ಹಾಕಿಟ್ಟಿದ್ದರು. ಗಡಿಬಿಡಿಯ ಕೆಲಸ ನಾನು ಯಾವತ್ತೂ ಮಾಡಿದವನಲ್ಲ. ಟಿಕ್ ತೆಗೆದೆ. ಅಕ್ಕ ಸ್ನಾನ ಮುಗಿಸಿ, ಮುದ್ದೆ ಉಂಡು, ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೆಲಸ ಪೂರ್ತಿಯಾಗಿ, ಮೂಲೆಮೂಲೆಯನ್ನೂ ಬಿಡದೆ ನಡೆಯಿತು.

ಆಮೇಲೆ ಬಂದೋಬಸ್ತಿನಿಂದ ಒಂಬತ್ತನ್ನು ಬಿಡುಗಡೆ ಮಾಡಿದೆ. ಒಂಬತ್ತೂ ಬಂದು ತಮ್ಮ ಹೆಸರು ಹೊತ್ತು ನಿಂತವು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಹೇಮಾವತಿ ಶನಿವಾರವನ್ನು ಒತ್ತಿದೆ. ಈ ಹೆಸರಿನದು ಇಲ್ಲಿ ಏನೂ ಇಲ್ಲ ಎಂದಿತು. ಗುಡಿಬಂಡೆ ಒತ್ತಿದೆ. ಅದೂ ಇಲ್ಲ. ಒಂಬತ್ತನ್ನೂ ಒತ್ತಿದೆ.

ಜೀನ್ಸ್ ಹೊಲಿಯುವ ಬೀದಿಯಲ್ಲಿ ಪ್ಯಾಂಟಿಗೆ ಹಚ್ಚುವ ಬೆಲೆಚೀಟಿ ಮುದ್ರಿಸಿಕೊಡುವ ಒಂದು ಕಂಪ್ಯೂಟರ್ ಅಂಗಡಿ ಇದೆ. ನಡೆಸುವಾಕೆ ನಡುವಯಸ್ಸಿನ ಹೆಣ್ಣುಮಗಳು. ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಆಕೆ ನೋಡಿದಳು, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಸರ್, ಇವು ಬರೇ ಹೆಸರಿನ ಬೋರ್ಡ್ ಇದ್ದಂಗ್ರಿ. ವೈರಸ್ ನಿಮ್ಮ ಕಥಿಗಳನ್ನ ಮರೆ ಮಾಡಿ, ಅದ ಹೆಸರಿನ ಬೋರ್ಡ್ ತಾನು ಹಾಕಿರ್ತೈತಿ. ಸಾಫ್ಟ್‌ವೇರ್ ಬೋರ್ಡ್ ಕಿತ್ತೇತಿ ಅಷ್ಟ. ಕಥಿ ಅಲ್ಲೇ ಇದ್ವು."

"ಅಲ್ಲೇ ಅಂದ್ರ?"

"ಪೆನ್‌ಡ್ರೈವ್‌ನಾಗ ರೀ. ತುಂಬೇತಿ ಅಂತ ತೋರಿಸಿರಬೇಕಲ್ಲ. ಮರೆ ಆದದ್ದು ಕಾಣಂಗ ಒಂದು ಟಿಕ್ ಹಾಕಿದ್ರ ಎಲ್ಲಾ ಕಾಣ್ತಿದ್ವು. ಹೋಗ್ಲಿ, ಫಾರ್ಮ್ಯಾಟ್ ಕ್ವಿಕ್ ಮಾಡೀರೇನು? ಕ್ವಿಕ್ ಆಗಿದ್ರ ಇನ್ನೂ ತೆಗೀಬಹುದು."

"ಪೂರ್ತಿ ಮಾಡೀನಮ್ಮ."

"ಯಾಕ್ರಿ?"

ಆಕೆ ಏನೇನೋ ಹಾಕಿ ಒಂದು ಗಂಟೆ ಹುಡುಕಿದಳು. ಒಂದು ಕೆಮ್ಮೂ ಸಿಗಲಿಲ್ಲ. ದುಡ್ಡು ಬೇಡವೆಂದಳು. ಅದು ಇನ್ನೂ ಕೆಟ್ಟದೆನಿಸಿತು.

ಬೆಳಿಗ್ಗೆ ಅಕ್ಕನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬಸ್ಸು ಬರುವುದು ತಡವಾಯಿತು.

"ಹೇಮಾವತಿಯಾಗೆ ಎಲ್ರೂ ನಿನ್ನ ನಗಾಡಿದ್ದೂ ಅದ್ರಾಗೇ ಇತ್ತು," ಎಂದಳು.

"ಹೂಂ."

"ನೀನು ಬೇಕೂಂತ ಮಾಡ್ಲಿಲ್ಲ. ನಂಗೊತ್ತು ಕಣೋ."

ನಾನು ಆ ಪ್ರಶ್ನೆ ಕೇಳಿರಲಿಲ್ಲ. ಯಾರೂ ಕೇಳದೆ ಬರೆದುಕೊಟ್ಟ ಖುಲಾಸೆ ಪತ್ರದ ಹಿಂದೆ ಒಂದು ಅನುಮಾನ ಇದ್ದೇ ಇರುತ್ತದೆ ಎಂಬುದನ್ನು ನನ್ನಂಥವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಕ್ಕ ಎಲೆಅಡಿಕೆ ಚೀಲ ಬಿಚ್ಚುತ್ತ, "ಅವತ್ತು ನಿಮ್ ಭಾವ ಅಂದಿದ್ದು ನಿಂಗೆ ನೆಪ್ಪೈತಾ?" ಎಂದಳು. "ಎಲ್ಲಿ, ಒಂದ್ಸಲ ಹೇಳು."

ಒಂಬತ್ತು ಶನಿವಾರಗಳಲ್ಲಿ ನನಗೆ ಬಾಯಿಪಾಠವಾಗಿದ್ದದ್ದು ಅದೊಂದೇ ಮಾತು. ಹೇಳಿದೆ. ಮೂಡಲಿಗೆ ಸ್ವರ್ಗ, ಪಡುವಲಿಗೆ ನರಕ, ಮಧ್ಯದಲ್ಲಿ ನಮ್ಮ ಭಾಮೈದರು. ರಿಜಿಸ್ಟ್ರಾರರ ಮುಂದೆ ನಿಂತು ಓದಿದ ಹಾಗಿತ್ತು.

ಅಕ್ಕ ಕಿವಿಗೊಟ್ಟು ಕೇಳಿದಳು. "ಹಂಗಲ್ಲ," ಎಂದಳು. ಬಸ್ಸು ಬಂತು, ಹತ್ತಿದಳು.

ಪೆನ್‌ಡ್ರೈವ್ ನನ್ನ ಮೇಜಿನ ಖಾನೆಯಲ್ಲಿದೆ. ಅದರಲ್ಲಿ ವೈರಸ್ ಇಲ್ಲ.